ಕಾನಡಾ ಎಂದರೆ ಕನ್ನಡಿಗನೇ

ಕೊಲ್ಲಾಪುರದಲ್ಲಾಗಲಿ, ಇಚಲಕರಂಜಿಯ ಮಗ್ಗದ ಓಣಿಗಳಲ್ಲಾಗಲಿ, ಗಡಹಿಂಗ್ಲಜದಲ್ಲಾಗಲಿ, ಆಷಾಢ ಏಕಾದಶಿ ಸಮೀಪಿಸಿತೆಂದರೆ ‘ಕಾನಡಾ ರಾಜಾ ಪಂಢರೀಚಾ’ ಎಂಬ ಮರಾಠಿ ಹಾಡು ಕಿವಿಗೆ ಬೀಳದಿರದು. 1970ರ ‘ಝಾಲಾ ಮಹಾರ ಪಂಢರೀನಾಥ’ ಚಿತ್ರಕ್ಕಾಗಿ ಗ. ದಿ. ಮಾಡಗೂಳಕರರು ಬರೆದ ಈ ಹಾಡಿಗೆ, 1919ರಲ್ಲಿ ಕೊಲ್ಲಾಪುರದಲ್ಲೇ ಜನಿಸಿದ ಸುಧೀರ ಫಡಕೆಯವರು ರಾಗ ಹಾಕಿ, ವಸಂತರಾವ ದೇಶಪಾಂಡೆಯವರೊಡನೆ ತಾವೂ ಹಾಡಿದರು. ಚಿತ್ರವನ್ನು ನೆನೆಯುವವರು ಇಂದು ವಿರಳ. ಹಾಡು ಮಾತ್ರ ಸಂಗೀತಸಭೆಯಿಂದ ಸಭೆಗೆ, ಕಂಠದಿಂದ ಕಂಠಕ್ಕೆ ಹರಿಯುತ್ತಲೇ ಇದೆ.

ಇದರ ಮೊದಲ ಮಾತಿಗೇ ಕೆಲವರ ಆಕ್ಷೇಪ. ಕಾನಡಾ ಎಂದರೆ ಕನ್ನಡದವನಲ್ಲ, ಬುದ್ಧಿಗೆ ನಿಲುಕದವನು ಎನ್ನುವರು. ಜ್ಞಾನೇಶ್ವರರ ಅಭಂಗದ ‘ಕರ್ನಾಟಕು’ ಎಂಬುದನ್ನೂ ನಾಟಕವಾಡುವವನೆಂದು ಬಿಡಿಸುವರು. ನಾವು ಕೇಳುವುದಿಷ್ಟೆ: ಶ್ಲೇಷೆಗೆ ಎರಡು ಅರ್ಥ ಬೇಕಲ್ಲವೆ? ಕನ್ನಡ ತಿಳಿಯದವನಿಗೆ ಕನ್ನಡವು ದುರ್ಬೋಧ. ಆದುದರಿಂದಲೇ ಕಾನಡಾ ಎಂಬುದು ದುರ್ಬೋಧವೆಂಬ ಅರ್ಥಕ್ಕೂ ಸಂದಿತು. ಮೊದಲ ಅರ್ಥವನ್ನೇ ಕಿತ್ತೆಸೆದರೆ ಎರಡನೆಯದು ಯಾವ ನೆಲದ ಮೇಲೆ ನಿಂತೀತು? ಇದು ನಮ್ಮ ದುರಭಿಮಾನವಲ್ಲ. ಮರಾಠಿಯ ವಿದ್ವಾಂಸರಾದ ರಾ. ಚಿಂ. ಢೇರೆಯವರೇ 1984ರ ‘ಶ್ರೀವಿಠ್ಠಲ: ಏಕ ಮಹಾಸಮನ್ವಯ’ದಲ್ಲಿ ವಿಠ್ಠಲನ ಕನ್ನಡ ನಂಟನ್ನು ಸವಿಸ್ತಾರವಾಗಿ ಶೋಧಿಸಿದ್ದಾರೆ.

ಇನ್ನು ನಮ್ಮವರ ಸರದಿ. ಮರಾಠಿಯದೆಂಬ ಕಾರಣಕ್ಕೆ ಈ ಹಾಡು ಕನ್ನಡ ಸಮಾರಂಭದಲ್ಲಿ ಸಲ್ಲದೆಂಬ ಕನ್ನಡಾಭಿಮಾನಿಗಳೂ ಉಂಟು. ಅಮೆರಿಕೆಯಲ್ಲಿ ಹರ್ಬಿ ಹ್ಯಾನ್‌ಕಾಕ್ ಮತ್ತು ಸಂಗಡಿಗರು 1973ರಲ್ಲಿ ಹೊರತಂದ ‘ಕಮೀಲಿಯನ್’ ಎಂಬ ಜಾಝ್-ಫಂಕ್ ಕೃತಿಯನ್ನು ಇಂದು ಶಾಲಾಬಾಲಕರ ವಾದ್ಯವೃಂದಗಳೂ ನುಡಿಸುತ್ತವೆ. ನುಡಿಸಿದಷ್ಟೂ ಅದು ಬೆಳೆಯಿತೇ ಹೊರತು ಸವೆಯಲಿಲ್ಲ. ಹಾಡು ಬೇಲಿ ಕಟ್ಟಿ ಕಾಯುವ ಹೊಲವಲ್ಲ.

ನಿಜವಾದ ಲಜ್ಜೆಯ ಸಂಗತಿ ಬೇರೆ. ವಿಠ್ಠಲನು ನಮ್ಮವನೆಂದು ಎದೆ ತಟ್ಟಿಕೊಳ್ಳುವ ನಾವು, ಪುರಂದರವಿಠ್ಠಲ, ವಿಜಯವಿಠ್ಠಲ, ಗೋಪಾಲವಿಠ್ಠಲ ಎಂದು ಅವನ ಹೆಸರನ್ನೇ ಅಂಕಿತವಾಗಿ ಧರಿಸಿದ ದಾಸರ ಎಷ್ಟು ಪದಗಳನ್ನು ಮಕ್ಕಳ ಬಾಯಿಗೆ ಕೊಟ್ಟಿದ್ದೇವೆ? ಕನ್ನಡನಾಡಿನಲ್ಲಿ ಹುಟ್ಟಿ ಪುಣೆಯಲ್ಲಿ ನೆಲೆಸಿದ ಭೀಮಸೇನ ಜೋಶಿಯವರು ಅಭಂಗವನ್ನೂ ದಾಸರ ಪದವನ್ನೂ ಒಂದೇ ಕಂಠದಲ್ಲಿ ಮೆರೆಸಿದರು. ಅವರಿಗೆ ಎರಡು ನುಡಿಗಳ ನಡುವೆ ಗಡಿ ಅಡ್ಡ ಬರಲಿಲ್ಲ.

ಉಪಾಧ್ಯಾಯ ಬಂಧುಗಳೇ, ಒಂದು ಪದದ ಅರ್ಥಕ್ಕಾಗಿ ಕಾದಾಡುವುದು ಸುಲಭ. ಒಂದು ಪದವನ್ನು ಕಂಠಪಾಠ ಮಾಡಿಸುವುದು ಕಷ್ಟ. ಮುಂದಿನ ಏಕಾದಶಿಗೆ ನಮ್ಮ ಮಕ್ಕಳು ಮೊದಲು ದಾಸರ ಪದವನ್ನೂ ಬಳಿಕ ‘ಕಾನಡಾ ರಾಜಾ’ವನ್ನೂ ಹಾಡಲಿ. ಕೇಳಿದವರಿಗೆ ಕಾನಡಾ ಶಬ್ದದ ಅರ್ಥವನ್ನು ಬೇರೆ ಬಿಡಿಸಿ ಹೇಳಬೇಕಾಗದು.