ಸೊಳ್ಳೆಯ ಜಾಡು ಹಿಡಿಯಲಿ, ವಲಸಿಗನ ಮೇಲೆ ಗೂಬೆ ಕೂರಿಸುವುದು ಬೇಡ

ಮಳೆಗಾಲ ಬಂತೆಂದರೆ ಮುಂಬಯಿಯ ಸೊಸೈಟಿಗಳ ನೋಟಿಸ್ ಬೋರ್ಡಿನಲ್ಲಿ ಮಲೇರಿಯಾ, ಡೆಂಗೆ ಕುರಿತ ಎಚ್ಚರಿಕೆ ಪತ್ರ ಕಾಣಿಸಿಕೊಳ್ಳುತ್ತದೆ. ಅದರ ಬೆನ್ನಿಗೇ ಹಳೆಯ ಮಾತೊಂದು ಓಡಾಡತೊಡಗುತ್ತದೆ: "ಈ ಜ್ವರ ತಂದದ್ದು ಹೊರಗಿನಿಂದ ಬಂದವರು." ಬೆರಳು ಸಾಮಾನ್ಯವಾಗಿ ಕಟ್ಟಡ ಕಾರ್ಮಿಕರ ಶೆಡ್ಡುಗಳತ್ತ ಚಾಚಿಕೊಳ್ಳುತ್ತದೆ. 1990ರ ದಶಕದಲ್ಲಿ ಮಲೇರಿಯಾ ಮತ್ತೆ ತಲೆಯೆತ್ತಿದಾಗ ಮಂಗಳೂರಿನಲ್ಲೂ ಇದೇ ಮಾತು ಕೇಳಿಬಂದಿತ್ತು. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದು ಪರನಾಡಿನಲ್ಲಿ ಬೇರೂರಿದ ಕನ್ನಡಿಗರು ಈ ಮಾತನ್ನು ಸುಮ್ಮನೆ ಕೇಳಿಸಿಕೊಳ್ಳುವಂತಿಲ್ಲ. ಏಕೆಂದರೆ, ರೋಗ ಹೊತ್ತು ತರುವ ಸೊಳ್ಳೆ ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ಈಗ ವಂಶವಾಹಿಗಳೇ ಉತ್ತರ ಹೇಳತೊಡಗಿವೆ. ಆ ಉತ್ತರ ಆರೋಪ ಹೊರಿಸಲು ಬಳಕೆಯಾಗಬೇಕೋ, ರೋಗ ತಡೆಯಲು ಬಳಕೆಯಾಗಬೇಕೋ ಎಂಬುದೇ ಇಂದಿನ ಪ್ರಶ್ನೆ.

ಆಫ್ರಿಕದ ಜಿಬೂಟಿ ಎಂಬ ಪುಟ್ಟ ಬಂದರು ದೇಶದ ಕಥೆ ಇದಕ್ಕೆ ಒಳ್ಳೆಯ ನಿದರ್ಶನ. 2012ರಲ್ಲಿ ಅಲ್ಲಿ ದಾಖಲಾದ ಮಲೇರಿಯಾ ಪ್ರಕರಣಗಳು ಕೇವಲ 27. ಮಲೇರಿಯಾ ನಿರ್ಮೂಲನೆ ಇನ್ನೇನು ಕೈಗೆಟುಕಿತು ಎನ್ನುವಷ್ಟರಲ್ಲಿ, ಅದೇ ವರ್ಷ ಅಲ್ಲಿ ಹೊಸ ಸೊಳ್ಳೆಯೊಂದು ಪತ್ತೆಯಾಯಿತು. 2020ರ ಹೊತ್ತಿಗೆ ವರ್ಷದ ಪ್ರಕರಣಗಳು 73 ಸಾವಿರ ದಾಟಿದ್ದವು. ಆ ಸೊಳ್ಳೆಯ ಹೆಸರು ಅನಾಫಿಲಿಸ್ ಸ್ಟೀಫೆನ್ಸಿ. ಮುಂಬಯಿ, ಚೆನ್ನೈ, ದಿಲ್ಲಿ, ಬೆಂಗಳೂರು, ಮಂಗಳೂರುಗಳಲ್ಲಿ ಮಲೇರಿಯಾ ಹರಡುವ ನಗರವಾಸಿ ಸೊಳ್ಳೆ ಇದೇ!

ಆಫ್ರಿಕದ ಮೂಲ ಮಲೇರಿಯಾ ಸೊಳ್ಳೆಗಳು ಹೆಚ್ಚಾಗಿ ಮಳೆಯ ಹೊಂಡ, ಗುಂಡಿಗಳನ್ನು ನೆಚ್ಚಿಕೊಂಡಿರುವ ಹಳ್ಳಿಗಾಡಿನವು. ಸ್ಟೀಫೆನ್ಸಿ ಹಾಗಲ್ಲ. ಟೆರೇಸಿನ ಟಾಕಿ, ಬಾವಿ, ಡ್ರಮ್ಮು, ಕಟ್ಟಡ ಕಾಮಗಾರಿಯ ತೊಟ್ಟಿ, ಹೀಗೆ ಮನುಷ್ಯ ಕೂಡಿಟ್ಟ ಶುದ್ಧ ನೀರೇ ಅದಕ್ಕೆ ತೊಟ್ಟಿಲು. ಆದ್ದರಿಂದ ಬೇಸಗೆಯಲ್ಲೂ ಅದರ ಸಂಸಾರ ನಿಲ್ಲುವುದಿಲ್ಲ. ಈ ಸೊಳ್ಳೆ ಆಫ್ರಿಕದಾದ್ಯಂತ ಹರಡಿದರೆ ಅಲ್ಲಿನ ನಗರಗಳ 12.6 ಕೋಟಿ ಜನರು ಅಪಾಯಕ್ಕೆ ಸಿಲುಕಬಹುದೆಂದು 2020ರ ಅಧ್ಯಯನವೊಂದು ಅಂದಾಜಿಸಿತು. ಇಥಿಯೋಪಿಯ, ಸುಡಾನ್, ಸೊಮಾಲಿಯ, ನೈಜೀರಿಯ, ಕೀನ್ಯಾಗಳಲ್ಲಿ ಈಗಾಗಲೇ ಇದು ಪತ್ತೆಯಾಗಿದೆ. ನೆರೆಯ ಶ್ರೀಲಂಕಾದ್ದು ಇನ್ನೂ ವಿಪರ್ಯಾಸ. 2016ರ ಸೆಪ್ಟೆಂಬರ್‌ನಲ್ಲಿ ಆ ದೇಶಕ್ಕೆ ಮಲೇರಿಯಾ ಮುಕ್ತವೆಂಬ ವಿಶ್ವ ಆರೋಗ್ಯ ಸಂಸ್ಥೆಯ ಮನ್ನಣೆ ದೊರಕಿತು. ಅದೇ ವರ್ಷದ ಕೊನೆಗೆ ಮನ್ನಾರ್ ದ್ವೀಪದಲ್ಲಿ ಸ್ಟೀಫೆನ್ಸಿ ಸಿಕ್ಕಿತು.

ಸೊಳ್ಳೆಗೆ ಪಾಸ್‌ಪೋರ್ಟ್ ಇಲ್ಲ, ನಿಜ. ಆದರೆ ಅದರ ಜೀವಕೋಶದಲ್ಲಿ ವಂಶದ ದಾಖಲೆ ಇರುತ್ತದೆ. ಡಿಎನ್‌ಎಯ ಕೆಲವು ಭಾಗಗಳು ತಾಯಿಯಿಂದ ಮಕ್ಕಳಿಗೆ ಹೆಚ್ಚುಕಡಿಮೆ ಹಾಗೆಯೇ ಇಳಿದು ಬರುತ್ತವೆ. ತಲೆಮಾರುಗಳು ಉರುಳಿದಂತೆ ಅಲ್ಲೊಂದು ಇಲ್ಲೊಂದು ಅಕ್ಷರ ಬದಲಾಗುತ್ತದೆ. ಎರಡು ಊರಿನ ಸೊಳ್ಳೆಗಳಲ್ಲಿ ಒಂದೇ ಬಗೆಯ ಬದಲಾವಣೆಗಳಿದ್ದರೆ ಅವು ಹತ್ತಿರದ ಬಳಗವೆಂದು ತಿಳಿಯಬಹುದು. ಹೊಸ ಜಾಗಕ್ಕೆ ಬರುವ ಸೊಳ್ಳೆಗಳು ಬೆರಳೆಣಿಕೆಯಷ್ಟಾದ್ದರಿಂದ ಅಲ್ಲಿ ವೈವಿಧ್ಯ ಕಡಿಮೆ. ಮೂಲ ನೆಲೆಯಲ್ಲಿ ಹೆಚ್ಚು. ಇಷ್ಟನ್ನು ಹಿಡಿದುಕೊಂಡೇ ಯಾವುದು ತವರು, ಯಾವುದು ನಡುದಾರಿಯ ತಂಗುದಾಣ ಎಂದು ಲೆಕ್ಕ ಹಾಕಲಾಗುತ್ತದೆ. ಇಥಿಯೋಪಿಯದ ಕೆಬ್ರಿ ದೆಹಾರ್ ಪಟ್ಟಣದಲ್ಲಿ 2016ರಲ್ಲಿ ಹಿಡಿದ ಸೊಳ್ಳೆಗಳನ್ನು ಹೀಗೆ ಪರೀಕ್ಷಿಸಿದಾಗ ಅವು ಸ್ಟೀಫೆನ್ಸಿ ಎಂಬುದು ಖಚಿತವಾಯಿತು. ಹೋಲಿಸಲು ಲಭ್ಯವಿದ್ದ ಮಾದರಿಗಳಲ್ಲಿ ಪಾಕಿಸ್ತಾನದ ಮಾದರಿಗೆ ಅವು ಹೆಚ್ಚು ಹತ್ತಿರವಾಗಿದ್ದವು.

"ಲಭ್ಯವಿದ್ದ ಮಾದರಿಗಳಲ್ಲಿ" ಎಂಬ ಮಾತನ್ನು ಇಲ್ಲಿ ಒತ್ತಿ ಹೇಳಬೇಕು. ಹೋಲಿಕೆಗೆ ಕರಾಚಿಯ ಸೊಳ್ಳೆ ಇದ್ದು ಮುಂಬಯಿಯದೋ ಮಂಗಳೂರಿನದೋ ಇಲ್ಲದಿದ್ದರೆ ಉತ್ತರ ಕರಾಚಿಯತ್ತಲೇ ವಾಲುತ್ತದೆ. ಹಾಜರಿ ಪುಸ್ತಕದಲ್ಲಿ ಹೆಸರೇ ಇಲ್ಲದವನನ್ನು ಗುರುತಿಸುವುದಾದರೂ ಹೇಗೆ? ಈ ಕೊರತೆ ನೀಗಿಸುವಲ್ಲಿ ಬೆಂಗಳೂರಿನ ವಿಜ್ಞಾನಿಗಳ ಪಾಲು ದೊಡ್ಡದು. ಚೆನ್ನೈಯ ತಳಿಯೂ ಸೇರಿದಂತೆ ಸ್ಟೀಫೆನ್ಸಿಯ ಭಾರತೀಯ ತಳಿಗಳ ಪೂರ್ಣ ಜೀನೋಮನ್ನು ಅವರು ಬಿಡಿಸಿ ಪ್ರಕಟಿಸಿದ್ದಾರೆ. ಆದರೆ ಪ್ರಯೋಗಾಲಯದ ಒಂದೆರಡು ತಳಿ ಸಾಲದು. ಪ್ರತಿ ಬಂದರಿನಿಂದ, ಪ್ರತಿ ನಗರದಿಂದ ಮಾದರಿ ಸಂಗ್ರಹವಾಗಬೇಕು. ಆ ಮಾಹಿತಿ ಎಲ್ಲ ದೇಶಗಳಿಗೂ ಮುಕ್ತವಾಗಿ ಸಿಗಬೇಕು. ಯಾವ ಕೀಟನಾಶಕಕ್ಕೆ ಸೊಳ್ಳೆ ಬಗ್ಗುವುದಿಲ್ಲ ಎಂಬ ಸುಳಿವೂ ಇದೇ ಡಿಎನ್‌ಎಯಲ್ಲಿ ಸಿಗುವುದರಿಂದ, ಇದಕ್ಕೆ ಹಾಕುವ ಹಣ ದಂಡವಲ್ಲ.

ಈ ಸೊಳ್ಳೆಯ ಚರಿತ್ರೆಯಲ್ಲಿ ಮುಂಬಯಿಗೂ ಮೈಸೂರಿಗೂ ಸ್ಥಾನವಿದೆ. 1901ರಲ್ಲಿ ಇದನ್ನು ಮೊದಲು ವಿವರಿಸಿದವರು ಗ್ಲೆನ್ ಲಿಸ್ಟನ್. ಮುಂದೆ ಅವರು ಪರೇಲ್‌ನ ಪ್ರಯೋಗಾಲಯದ, ಅಂದರೆ ಇಂದಿನ ಹಾಫ್ಕಿನ್ ಸಂಸ್ಥೆಯ, ನಿರ್ದೇಶಕರಾದರು. ಮುಂಬಯಿಯ ಮಲೇರಿಯಾಕ್ಕೆ ಮನೆಗಳ ಬಾವಿಗಳೇ ಮುಖ್ಯ ಕಾರಣವೆಂದು ಡಾ. ಬೆಂಟ್ಲಿ 1911ರಲ್ಲೇ ವರದಿ ಕೊಟ್ಟಿದ್ದರು. 1937ರಲ್ಲಿ ಸ್ವೀಟ್ ಮತ್ತು ರಾವ್ ಎಂಬ ಸಂಶೋಧಕರು, ಮೊಟ್ಟೆಯ ಇಕ್ಕೆಲದ ತೇಲುಪಟ್ಟಿಯಲ್ಲಿನ ಗೆರೆಗಳನ್ನು ಎಣಿಸಿ ಇದರಲ್ಲೇ ಬೇರೊಂದು ಬಗೆಯಿದೆ ಎಂದು ತೋರಿಸಿದರು. ಹಳ್ಳಿಗಾಡಿನ ಆ ಬಗೆಗೆ ಮೈಸೂರಿನ ಹೆಸರೇ ಅಂಟಿಕೊಂಡಿತು: 'ಮೈಸೊರೆನ್ಸಿಸ್'. ಅಂದು ಸೂಕ್ಷ್ಮದರ್ಶಕದಡಿ ಗೆರೆ ಎಣಿಸಿ ಮಾಡಿದ ವಿಂಗಡಣೆಯ ಕೆಲಸವನ್ನೇ ಇಂದು ಡಿಎನ್‌ಎ ಮುಂದುವರಿಸಿದೆ.

ಹಾಗಾದರೆ ಆಫ್ರಿಕಕ್ಕೆ ಮಲೇರಿಯಾ ಕಳುಹಿಸಿದ ಪಾಪ ದಕ್ಷಿಣ ಏಷ್ಯದ ಜನರದೇ? ಹಾಗೆನ್ನುವವರು ಡೆಂಗೆ ಹರಡುವ ಈಡಿಸ್ ಈಜಿಪ್ಟಿ ಸೊಳ್ಳೆಯ ಜಾತಕವನ್ನೂ ನೋಡಬೇಕು. ಅದರ ತವರು ಆಫ್ರಿಕ. ಗುಲಾಮರನ್ನು ಸಾಗಿಸುತ್ತಿದ್ದ ಹಡಗುಗಳ ನೀರಿನ ಪೀಪಾಯಿಗಳಲ್ಲಿ ಅದು ಅಮೆರಿಕ ಖಂಡ ಸೇರಿತು, ಏಷ್ಯಕ್ಕೆ ಬಂದದ್ದು ಆಮೇಲೆ ಎಂದು ವಂಶವಾಹಿ ಅಧ್ಯಯನಗಳು ಸೂಚಿಸುತ್ತವೆ. ಸಂಕೋಲೆ ತೊಟ್ಟು ಬಂದ ಆ ಗುಲಾಮರನ್ನು ಡೆಂಗೆಗೆ ಹೊಣೆ ಮಾಡುವವರು ಯಾರಾದರೂ ಇದ್ದಾರೆಯೇ? ಸೊಳ್ಳೆಗೆ ದಾರಿ ಕೊಟ್ಟದ್ದು ಹಡಗು, ವ್ಯಾಪಾರ ಮತ್ತು ಮುಚ್ಚಳವಿಲ್ಲದ ನೀರು. ಸ್ಟೀಫೆನ್ಸಿಯ ವಿಷಯದಲ್ಲೂ ಅನುಮಾನ ಅದೇ ದಾರಿಯ ಮೇಲಿದೆ. 2011ರ ಹಡಗು ವ್ಯಾಪಾರದ ಅಂಕಿಅಂಶ ಹಿಡಿದು ಆಫ್ರಿಕದ ಯಾವ ದೇಶಕ್ಕೆ ಈ ಸೊಳ್ಳೆ ಮೊದಲು ತಲುಪೀತೆಂದು ಲೆಕ್ಕ ಹಾಕಿದಾಗ ಸುಡಾನ್ ಮತ್ತು ಜಿಬೂಟಿಯ ಹೆಸರೇ ಮೇಲೆ ಬಂದವು.

ಮಲೇರಿಯಾದ ರೋಗಾಣು ಮನುಷ್ಯನ ರಕ್ತದಲ್ಲೂ ಪ್ರಯಾಣ ಮಾಡುತ್ತದೆ ಎಂಬ ಆಕ್ಷೇಪ ಸುಳ್ಳಲ್ಲ. ಊರಿನಿಂದ ಊರಿಗೆ ಅಲೆಯುವ ಕಾರ್ಮಿಕನ ರಕ್ತ ಪರೀಕ್ಷೆ ಆಗಲೇಬೇಕು. ಆದರೆ ಜ್ವರವಿರುವ ಕಾರ್ಮಿಕ ಯಾವುದೋ ಬಡಾವಣೆಗೆ ಬಂದರೂ, ಅಲ್ಲಿ ಸೊಳ್ಳೆ ಇಲ್ಲದಿದ್ದರೆ ರೋಗ ಅವನಲ್ಲೇ ಮುಗಿಯುತ್ತದೆ. ಸೊಳ್ಳೆ ಹುಟ್ಟುವುದು ಬಿಲ್ಡರನ ತೊಟ್ಟಿಯಲ್ಲಿ, ಸೊಸೈಟಿಯ ಟಾಕಿಯಲ್ಲಿ. ರಕ್ತ ಪರೀಕ್ಷೆ ಸೇವೆಯಾಗಿ ನಡೆದರೆ ಕಾರ್ಮಿಕ ತಾನಾಗಿ ಬರುತ್ತಾನೆ. ದೂಷಣೆಯಾಗಿ ನಡೆದರೆ ಜ್ವರ ಬಚ್ಚಿಟ್ಟು ಕೆಲಸಕ್ಕೆ ಹೋಗುತ್ತಾನೆ. ನಷ್ಟ ಇಡೀ ಬಡಾವಣೆಗೆ.

ಈ ನಿಟ್ಟಿನಲ್ಲಿ ಕನ್ನಡ ಸಂಘ-ಸಂಸ್ಥೆಗಳು ಮಾಡಬಹುದಾದ ಕೆಲಸ ಸಾಕಷ್ಟಿದೆ. ವರ್ಷವರ್ಷ ನಡೆಸುವ ವೈದ್ಯಕೀಯ ಶಿಬಿರವನ್ನು ಮಳೆಗಾಲಕ್ಕೆ ಮೊದಲೇ ಇಟ್ಟುಕೊಂಡು, ಹೊಟೇಲ್ ಕಾರ್ಮಿಕರ ಮತ್ತು ಕಟ್ಟಡ ಕಾರ್ಮಿಕರ ರಕ್ತ ಪರೀಕ್ಷೆಗೆ ಭಾಷೆಯ ಭೇದವಿಲ್ಲದೆ ಅವಕಾಶ ಮಾಡಿಕೊಡಬಹುದು. ಸಂಘದ ಕಟ್ಟಡ, ಸದಸ್ಯರ ಹೊಟೇಲು, ಊರಿನಲ್ಲಿ ವರ್ಷಪೂರ್ತಿ ಬೀಗ ಹಾಕಿರುವ ಮನೆಗಳ ಟಾಕಿ ಮತ್ತು ಬಾವಿಗಳಿಗೆ ಮುಚ್ಚಳ ಅಥವಾ ಬಲೆ ಇದೆಯೇ ಎಂದು ಪರಿಶೀಲಿಸಬಹುದು. ಸೊಳ್ಳೆ ಮಾದರಿ ಸಂಗ್ರಹಕ್ಕೆ ಆರೋಗ್ಯ ಇಲಾಖೆಯ ಸಿಬ್ಬಂದಿ ಬಾಗಿಲು ತಟ್ಟಿದಾಗ ಗದರದೆ ಟೆರೇಸಿನ ಬೀಗ ತೆರೆದುಕೊಟ್ಟರೂ ಅದು ವಿಜ್ಞಾನಕ್ಕೆ ಸಲ್ಲಿಸುವ ಸೇವೆಯೇ.

ವಂಶವಾಹಿ ಸೊಳ್ಳೆಯ ವಿಳಾಸ ಹೇಳಬಲ್ಲುದು, ಟಾಕಿಗೆ ಮುಚ್ಚಳ ಹಾಕಲಾರದು. ಆ ಕೆಲಸ ಟಾಕಿಯ ಒಡೆಯನದೇ, ಅವನು ಯಾವ ಊರಿನವನಾದರೂ ಸರಿ.