ಬ್ಯಾಂಕಾಕಿಗೂ ರೊಟ್ಟಿಯೆ?

ನವಲಗುಂದದ ನಮ್ಮ ಓಣಿಯ ಕುಟುಂಬವೊಂದು ಬ್ಯಾಂಕಾಕಿಗೆ ಹೊರಟಿದೆ. ಪ್ರವಾಸ ನಾಲ್ಕು ದಿನದ್ದು. ಮನೆಯಾಕೆ ಎಂಟು ದಿನದಿಂದ ಖಡಕ್ ರೊಟ್ಟಿ ಬಡಿಯುತ್ತಿದ್ದಾಳೆ. ಶೇಂಗಾ ಹಿಂಡಿ, ಅಗಸಿ ಹಿಂಡಿ, ಅವಲಕ್ಕಿ ಎಲ್ಲ ಡಬ್ಬಿ ಸೇರಿವೆ. "ಅವರಿಗೆ ಅಲ್ಲೀದು ಸೇರೂದಿಲ್ರೀ" ಎನ್ನುತ್ತಾಳೆ. ಇವಳಿಗೇನು ಸೇರುತ್ತದೆಂದು ಯಾರೂ ಕೇಳಿಲ್ಲ. ಇದು ಪ್ರವಾಸವೋ, ಒಲೆ ಹೊತ್ತು ತಿರುಗುವುದೋ, ನೀವೇ ಹೇಳಿ. ಅಲ್ಲಿ 'ಜೇ' ಎಂದರೆ ಅಪ್ಪಟ ಶಾಕಾಹಾರ. ಬೆಳ್ಳುಳ್ಳಿ ಕೂಡ ಹಾಕುವುದಿಲ್ಲ.

ಖರೀದಿಯ ಪಟ್ಟಿಯಲ್ಲಿ ನಾದಿನಿಯ ಪರ್ಸಿದೆ, ಭಾವನ ಗಡಿಯಾರವಿದೆ, ಇವಳದೇನೂ ಇಲ್ಲ. ಟ್ಯಾಕ್ಸಿ ಗಂಡನ ಖಾತೆ. ಮಾಲೀಶಿಗೆ ಒಂದು ತಾಸು ಬರೆದಿಟ್ಟಿದ್ದಾನೆ, ಅದೂ ತನಗಷ್ಟೇ. "ನೀವೂ ಮಾಡಿಸ್ಕೋರಿ" ಎಂದೆ. "ಅಯ್ಯ, ಮಂದಿ ಏನಂದಾರು!"

ಏನಂದಾರು? ಅಲ್ಲಿಯ ವಾಟ್ ಫೋ ಬುದ್ಧನ ಗುಡಿ. ಮಾಲೀಶು ಕಲಿಸುವ ಅದರ ಶಾಲೆ 1955ರಷ್ಟು ಹಳೆಯದು. ಮೈಮೇಲೆ ಬಟ್ಟೆಯಿಟ್ಟೇ ಮಾಡುವ ಆ ವಿದ್ಯೆಯನ್ನು 2019ರಲ್ಲಿ ಯುನೆಸ್ಕೊ ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ನಮ್ಮಲ್ಲಿ ಹೆಣ್ಣಿನ ಮೈಗೆ ಇನ್ನೊಬ್ಬರು ಎಣ್ಣೆ ತಿಕ್ಕಿ ಎರೆಯುವುದು ಬಾಣಂತನದಲ್ಲಿ. ಎರಡು ಹೆತ್ತವಳಿಗೆ ಎರಡೇ ಸಲ. ಮುಂದೆ ನಲವತ್ತು ವರ್ಷ ರೊಟ್ಟಿ ಬಡಿದ ರಟ್ಟೆಗೆ ನೋವೇ ಇಲ್ಲವೆ?

2023ರ ಜೂನ್ 11ರಂದು ಹೆಂಗಸರಿಗೆ ಸರಕಾರಿ ಬಸ್ಸು ಪುಕ್ಕಟೆಯಾದಾಗ "ಇನ್ನ ಇವರು ಮನ್ಯಾಗ ನಿಲ್ಲೂದಿಲ್ಲ" ಎಂದು ನಕ್ಕದ್ದೂ ಇದೇ ಮಂದಿ. ನಗಲಿ. ಅಣ್ಣಿಗೇರಿ, ಕುಂದಗೋಳದ ಹೆಂಗಸರು ಹುಬ್ಬಳ್ಳಿಗೆ ಹೋಗಿ ತಮ್ಮ ಸೀರೆ ತಾವೇ ಆರಿಸಿ ತಂದರು.

ಅರ್ಧ ಡಬ್ಬಿ ಇಲ್ಲೇ ಇಳಿಸಿ, ಮಾಲೀಶಿನ ಪಟ್ಟಿಯಲ್ಲಿ ನಿಮ್ಮ ಹೆಸರನ್ನೂ ಬರೀರಿ ಎಂದು ಅವಳಿಗೆ ಹೇಳಿದ್ದೇನೆ. ಗಂಡನ ಎದುರಿಗೇ ಹೇಳಿದ್ದೇನೆ.