ಹಾಲಿಗೆ ನೊರೆ ಬರಿಸುವ ಉಪಕರಣ: ನಮ್ಮ ಮಳಿಗೆ ಯಾವುದನ್ನು ತರಿಸಬೇಕು?



ನಮ್ಮ ಸಂಘದ ಮಾರಾಟ ಮಳಿಗೆಗೆ ಈಚೆಗೆ ಒಂದು ಹೊಸ ಬಗೆಯ ಬೇಡಿಕೆ ಬರುತ್ತಿದೆ. ಮೈಲುತುತ್ತ, ಸುಣ್ಣ, ಕತ್ತಿ, ದೋಟಿ ಎಂದು ಕೇಳಿಕೊಂಡು ಬರುವ ಸದಸ್ಯರೇ ಈಗ ಲೆಕ್ಕ ಚುಕ್ತಾ ಮಾಡಿ ಹೊರಡುವ ಮುನ್ನ, "ಹಾಲಿಗೆ ನೊರೆ ಬರಿಸುವ ಮಿಶಿನ್ನು ತರಿಸುತ್ತೀರಾ?" ಎಂದು ಕೇಳುತ್ತಿದ್ದಾರೆ. ಬೆಂಗಳೂರಿನಲ್ಲಿ ಕೆಲಸಕ್ಕಿರುವ ಮಕ್ಕಳು ರಜೆಗೆ ಬಂದಾಗ ನೊರೆ ಕಾಫಿ ಬೇಕೆನ್ನುತ್ತಾರೆ; ಹೋಂಸ್ಟೇ ನಡೆಸುವವರ ಮನೆಗೆ ಬರುವ ಅತಿಥಿಗಳೂ ಕೇಳುತ್ತಾರೆ. ಬೇಡಿಕೆ ನಿಜವೇ.

ಈ ಕುರಿತು ಆಡಳಿತ ಮಂಡಳಿಯಲ್ಲಿ ಎರಡು ಅಭಿಪ್ರಾಯಗಳಿವೆ. ವಿದ್ಯುತ್ತಿನಿಂದ ನಡೆಯುವ ನೊರೆ ಜಗ್ಗುಗಳನ್ನು ಸಗಟಾಗಿ ತರಿಸಿ, ಸದಸ್ಯರಿಗೆ ಕಂತಿನ ಮೇಲೆ ಕೊಡೋಣ ಎಂಬುದು ಒಂದು. ಇದೆಲ್ಲ ಶೋಕಿ, ಸಂಘಕ್ಕೂ ಇದಕ್ಕೂ ಏನು ಸಂಬಂಧ ಎಂಬುದು ಇನ್ನೊಂದು. ನನಗೆ ಎರಡೂ ಒಪ್ಪಿಗೆಯಾಗಿಲ್ಲ. ಕೆಳಗೆ ಬರೆದಿರುವುದು ಕಾರ್ಯದರ್ಶಿಯ ಸ್ವಂತ ಅಭಿಪ್ರಾಯವೇ ಹೊರತು ಮಂಡಳಿಯ ತೀರ್ಮಾನವಲ್ಲ ಎಂಬುದನ್ನು ಸದಸ್ಯರು ಗಮನಿಸಬೇಕು.

ಮೊದಲು ಶೋಕಿಯ ಮಾತು. ನಾವು ಬೆಳೆಯುವ ಕಾಫಿಯ ಹೆಚ್ಚಿನ ಪಾಲು ಹಡಗು ಹತ್ತುತ್ತದೆ. ಅರೇಬಿಕಾದ ಬೆಲೆ ನ್ಯೂಯಾರ್ಕಿನಲ್ಲಿ, ರೋಬಸ್ಟಾದ ಬೆಲೆ ಲಂಡನ್ನಿನಲ್ಲಿ ಏರಿಳಿಯುತ್ತದೆ. ಬ್ರೆಜಿಲಿನಲ್ಲಿ ಹಿಮ ಬಿದ್ದರೆ ನಮಗೆ ಲಾಭ, ಅಲ್ಲಿ ಫಸಲು ಚೆನ್ನಾದರೆ ನಮಗೆ ನಷ್ಟ. 1942ರ ಕಾಫಿ ಕಾಯಿದೆಯ ಕಾಲದಿಂದ ಮಂಡಳಿಯ ಪೂಲಿಗೆ ಹಾಕುತ್ತಿದ್ದ ನಾವು 1996ರ ಹೊತ್ತಿಗೆ ಪೂರ್ತಿ ಮುಕ್ತ ಮಾರಾಟಕ್ಕೆ ಬಂದೆವು. ಅಂದಿನಿಂದ ಮಾರುಕಟ್ಟೆಯ ಬಿಸಿಲು ಮಳೆ ಎರಡೂ ನೇರವಾಗಿ ನಮ್ಮ ತಲೆಯ ಮೇಲೆಯೇ. ಇಂಥ ಸ್ಥಿತಿಯಲ್ಲಿ ನಮ್ಮ ಕೈಗೆ ಎಟಕುವ ಮಾರುಕಟ್ಟೆ ಎಂದರೆ ನಮ್ಮ ದೇಶದ ಕುಡಿಯುವವನದು. ಅವನು ದಿನಕ್ಕೆ ಒಂದು ಲೋಟ ಹೆಚ್ಚಿಗೆ ಕುಡಿದರೆ ಅದು ನಮಗೆ ಸಣ್ಣ ವಿಷಯವಲ್ಲ.

ಹೊರಗಿನವರ ಮಾತು ಹಾಗಿರಲಿ. ನಮ್ಮದೇ ಮನೆಗಳ ಅಡುಗೆ ಕಟ್ಟೆಯ ಮೇಲೆ ಏನಿದೆ ಎಂದು ಒಮ್ಮೆ ನೋಡೋಣ. ಕಣದಲ್ಲಿ ಚೆರಿ ಒಣಗುತ್ತಿರುತ್ತದೆ, ಅಟ್ಟದಲ್ಲಿ ಪಾರ್ಚ್‌ಮೆಂಟ್ ಮೂಟೆ ಇರುತ್ತದೆ, ಒಳಗೆ ಮಾತ್ರ ಪೇಟೆಯಿಂದ ತಂದ ಇನ್‌ಸ್ಟಂಟ್ ಪುಡಿಯ ಬಾಟಲಿ. ಭತ್ತ ಬೆಳೆದವನು ಅಕ್ಕಿಯನ್ನು ಅಂಗಡಿಯಿಂದ ತಂದ ಹಾಗಾಯಿತು. ಮಕ್ಕಳು ನೊರೆಯ ಆಸೆಗಾದರೂ ಡಿಕಾಕ್ಷನ್ ಕಾಫಿಯ ಕಡೆಗೆ ಮರಳುವುದಾದರೆ, ಆ ನೊರೆಯನ್ನು ಶೋಕಿ ಎಂದು ಹಳಿಯುವ ಕೆಲಸಕ್ಕೆ ನಾನು ಕೈ ಹಾಕುವುದಿಲ್ಲ.

ಇಟಲಿಯವರು ನಮ್ಮ ಕಾಫಿಯ ಹಳೆಯ ಮತ್ತು ದೊಡ್ಡ ಗಿರಾಕಿಗಳು. ನಮ್ಮ ರೋಬಸ್ಟಾದ ಗಟ್ಟಿತನ ಅವರ ಎಸ್‌ಪ್ರೆಸ್ಸೊ ಮಿಶ್ರಣಕ್ಕೆ ಬೇಕು. ಅದರ ಮೇಲೆ ನೊರೆಹಾಲು ಹಾಕಿದರೆ ಕ್ಯಾಪುಚಿನೊ ಆಗುತ್ತದೆ. ನಮ್ಮ ಕಾಳು ಅಲ್ಲಿಗೆ ಹೋಗಿ ಹೆಸರು ಮಾಡುವಾಗ, ಅದೇ ಕಾಳಿನಿಂದ ನಮ್ಮ ಮನೆಯಲ್ಲಿ ಒಂದು ಒಳ್ಳೆಯ ಲೋಟ ಕಾಫಿ ಮಾಡಿಕೊಳ್ಳುವುದರಲ್ಲಿ ಸಂಕೋಚವೇಕೆ?

ಆದರೆ ಉಪಕರಣ ಕೊಳ್ಳುವ ಮೊದಲು ನೊರೆ ಏಕೆ ಬರುತ್ತದೆ ಎಂಬುದನ್ನು ತಿಳಿಯುವುದು ಒಳ್ಳೆಯದು. ಹಾಲಿನೊಳಗೆ ಗಾಳಿಯನ್ನು ಸೇರಿಸಿದಾಗ ಗುಳ್ಳೆಗಳೇಳುತ್ತವೆ. ಹಾಲಿನಲ್ಲಿರುವ ಪ್ರೋಟೀನು ಆ ಗುಳ್ಳೆಗಳ ಸುತ್ತ ಪೊರೆಯಂತೆ ನಿಂತು ಅವು ಒಡೆಯದಂತೆ ಹಿಡಿಯುತ್ತದೆ. ಗುಳ್ಳೆ ಸಣ್ಣದಾದಷ್ಟೂ ನೊರೆ ಹೆಚ್ಚು ಹೊತ್ತು ನಿಲ್ಲುತ್ತದೆ, ನಾಲಿಗೆಗೂ ನುಣುಪು. ಕೊಬ್ಬು ಹೆಚ್ಚಿದ್ದರೆ ನೊರೆಯ ಪ್ರಮಾಣ ತಗ್ಗುತ್ತದೆ, ರುಚಿ ಹೆಚ್ಚುತ್ತದೆ. ಆದುದರಿಂದ ಶೇಕಡಾ 3ರಷ್ಟು ಕೊಬ್ಬಿರುವ ಟೋನ್ಡ್ ಹಾಲಿನಲ್ಲಿ ನೊರೆ ಸುಲಭವಾಗಿ ಬರುತ್ತದೆ. ಎಮ್ಮೆಯ ಗಟ್ಟಿ ಹಾಲಿನಲ್ಲಿ ನೊರೆ ಕಡಿಮೆ, ಆದರೆ ಮಂದವಾಗಿರುತ್ತದೆ.

ಬಿಸಿಯ ಲೆಕ್ಕವೂ ಉಂಟು. ಸುಮಾರು 60ರಿಂದ 65 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಹಾಲಿನ ಸಿಹಿ ನಾಲಿಗೆಗೆ ಚೆನ್ನಾಗಿ ತಿಳಿಯುತ್ತದೆ, ನೊರೆಯೂ ನಿಲ್ಲುತ್ತದೆ. ಥರ್ಮಾಮೀಟರು ಬೇಕಿಲ್ಲ. ಸ್ಟೀಲ್ ಪಾತ್ರೆಯ ಹೊರಮೈಯನ್ನು ಅಂಗೈಯಲ್ಲಿ ಹಿಡಿದಿರಲು ಇನ್ನು ಆಗದು ಎನ್ನಿಸಿದಾಗ ಹೆಚ್ಚುಕಡಿಮೆ ಆ ಮಟ್ಟಕ್ಕೆ ಬಂದಿರುತ್ತದೆ. ಕುದಿಯುವ ಹಾಲನ್ನೇ ಕಡೆದರೆ ಉಕ್ಕು ಬರುತ್ತದೆ, ನೊರೆ ನಿಲ್ಲುವುದಿಲ್ಲ. ಮನೆಯ ಹಸುವಿನ ಹಾಲಾದರೆ ಮೊದಲು ಕಾಯಿಸಿಯೇ ಬಳಸಬೇಕು. ಇದರಲ್ಲಿ ರಾಜಿ ಇಲ್ಲ. ಕಾಯಿಸಿ, ಆರಿಸಿ, ಕೆನೆ ತೆಗೆದು, ಮತ್ತೆ ಬೇಕಾದಷ್ಟೇ ಬಿಸಿ ಮಾಡಿಕೊಳ್ಳಬೇಕು. ಕೆನೆಯ ಪದರ ಉಳಿದರೆ ಯಾವ ಉಪಕರಣವಾದರೂ ಸಿಕ್ಕಿಹಾಕಿಕೊಳ್ಳುತ್ತದೆ. ಹಳಸುವ ಹಂತಕ್ಕೆ ಬಂದ ಹಾಲು ಒಡೆಯದಿದ್ದರೂ ನೊರೆ ಕೊಡುವುದಿಲ್ಲ. ಇಂಥ ಹಾಲನ್ನಿಟ್ಟುಕೊಂಡು ಮಿಶಿನ್ನು ಕೆಟ್ಟಿದೆ ಎನ್ನುವುದು ನ್ಯಾಯವಲ್ಲ.

ಇನ್ನು ಉಪಕರಣಗಳನ್ನು ಒಂದೊಂದಾಗಿ ನೋಡೋಣ.

ಮೊದಲನೆಯದು ಲೋಟ ಮತ್ತು ಬಟ್ಟಲು. ಮೊಳದೆತ್ತರದಿಂದ ಎರಡು ಮೂರು ಸಲ ಎತ್ತಿ ಹೊಯ್ದರೆ ಸಕ್ಕರೆ ಕರಗುತ್ತದೆ, ಡಿಕಾಕ್ಷನ್ ಹಾಲು ಬೆರೆಯುತ್ತವೆ, ಮೇಲೆ ನೊರೆ ಬರುತ್ತದೆ. ಖರ್ಚು ಸೊನ್ನೆ. ದೋಷವೆಂದರೆ ಗುಳ್ಳೆ ದೊಡ್ಡದು, ಬೇಗ ಒಡೆಯುತ್ತದೆ. ಜೊತೆಗೆ ಕಾಫಿ ಆರುತ್ತದೆ. ಬಿಸಿ ಬಿಸಿ ಕಾಫಿಯನ್ನು ಬೇಗ ಕುಡಿದು ತೋಟಕ್ಕೆ ಹೊರಡುವವನಿಗೆ ಈ ದೋಷವೇ ಅನುಕೂಲ.

ಎರಡನೆಯದು ಕಡಗೋಲು. ಬೇಳೆ ಕಡೆಯುವ ಸಣ್ಣ ಮರದ ಕಡಗೋಲನ್ನು, ಆಳವಾದ ಕಿರಿದಾದ ಚೊಂಬಿನಲ್ಲಿ ಅರ್ಧಕ್ಕಿಂತ ಕಡಿಮೆ ಬಿಸಿ ಹಾಲು ಹಾಕಿ, ಎರಡು ಅಂಗೈಗಳ ನಡುವೆ ಒಂದು ನಿಮಿಷ ತಿರುಗಿಸಿದರೆ ಮರ್ಯಾದೆಯ ನೊರೆ ಬರುತ್ತದೆ. ಮೆಕ್ಸಿಕೋ ದೇಶದವರು ಚಾಕೊಲೇಟು ಪಾನೀಯಕ್ಕೆ ಇದೇ ಬಗೆಯ ಮರದ ಕಡಗೋಲನ್ನು ಇಂದಿಗೂ ಬಳಸುತ್ತಾರೆ. ಒಂದು ಎಚ್ಚರಿಕೆ: ಕಾಫಿಗೆ ಬೇರೆಯದೇ ಕಡಗೋಲು ಇರಲಿ. ಮಜ್ಜಿಗೆಯ ಹುಳಿ, ಬೇಳೆಯ ವಾಸನೆ ಮರ ಬಿಟ್ಟು ಹೋಗುವುದಿಲ್ಲ.

ಮೂರನೆಯದು ಬ್ಯಾಟರಿಯ ಕೈಕಡಗೋಲು. ತುದಿಯಲ್ಲಿ ತಂತಿಯ ಸುರುಳಿ, ಹಿಡಿಯೊಳಗೆ ಎರಡು ಪೆನ್ಸಿಲ್ ಸೆಲ್ಲು. ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಒಂದು ಲೋಟಕ್ಕೆ ಅರ್ಧ ನಿಮಿಷ ಸಾಕು. ಸುರುಳಿ ಹಾಲಿನಲ್ಲಿ ಮುಳುಗಿದ ಮೇಲೆಯೇ ಗುಂಡಿ ಒತ್ತಬೇಕು, ನಿಲ್ಲಿಸಿದ ಮೇಲೆಯೇ ಮೇಲೆತ್ತಬೇಕು. ಇಲ್ಲದಿದ್ದರೆ ಗೋಡೆಗೆಲ್ಲ ಹಾಲಿನ ಅಭಿಷೇಕ. ಹಿಡಿಯೊಳಗೆ ನೀರು ಹೋದರೆ ಮೋಟಾರು ಮುಗಿಯಿತು. ಮಳೆಗಾಲದ ನಮ್ಮ ತೇವದಲ್ಲಿ ಸೆಲ್ಲನ್ನು ಒಳಗೇ ಬಿಟ್ಟರೆ ತುಕ್ಕು ಹಿಡಿಯುತ್ತದೆ. ಕೊಳ್ಳುವಾಗ ಸರಳು ನೆಟ್ಟಗಿದೆಯೇ, ತಿರುಗುವಾಗ ಓಲಾಡುತ್ತದೆಯೇ ಎಂದು ಅಂಗಡಿಯಲ್ಲೇ ನೋಡಬೇಕು.

ನಾಲ್ಕನೆಯದು ಒತ್ತುವ ಜಾಲರಿಯ ಪಾತ್ರೆ. ಇದನ್ನು ಫ್ರೆಂಚ್ ಪ್ರೆಸ್ ಎನ್ನುತ್ತಾರೆ. ಇದು ಕಾಫಿ ಇಳಿಸಲೆಂದೇ ಆದ ಪಾತ್ರೆ. ಮೂರನೇ ಒಂದು ಪಾಲು ಮಾತ್ರ ಬಿಸಿ ಹಾಲು ಹಾಕಿ, ಮುಚ್ಚಳವನ್ನು ಒಂದು ಕೈಯಲ್ಲಿ ಒತ್ತಿ ಹಿಡಿದು, ಜಾಲರಿಯನ್ನು 20-30 ಸಲ ಮೇಲೆ ಕೆಳಗೆ ಆಡಿಸಿದರೆ ಸಣ್ಣ ಗುಳ್ಳೆಯ ದಟ್ಟ ನೊರೆ ಬರುತ್ತದೆ. ಎರಡು ಮೂರು ಲೋಟಕ್ಕೆ ಒಂದೇ ಸಲ ಆಗುತ್ತದೆ. ವಿದ್ಯುತ್ತು ಬೇಡ, ಸೆಲ್ಲು ಬೇಡ. ತರಿತರಿಯಾಗಿ ಬೀಸಿದ ಪುಡಿ ಹಾಕಿದರೆ ಕಾಫಿಯನ್ನೂ ಇದರಲ್ಲೇ ಇಳಿಸಬಹುದು. ಗಾಜಿನದು ಒಡೆಯುತ್ತದೆ, ಸ್ಟೀಲಿನದು ಕೊಂಡರೆ ಬಾಳುತ್ತದೆ. ಪ್ರತಿ ಸಲವೂ ಜಾಲರಿಯನ್ನು ಬಿಚ್ಚಿ ತೊಳೆಯಬೇಕು. ಆ ಸೋಮಾರಿತನ ಇದ್ದವರು ಇದನ್ನು ಕೊಳ್ಳಬಾರದು.

ಐದನೆಯದು ವಿದ್ಯುತ್ ಜಗ್ಗು. ತಾನೇ ಬಿಸಿ ಮಾಡಿ, ತಾನೇ ಕಡೆದು, ತಾನೇ ನಿಲ್ಲುತ್ತದೆ. ಅನುಕೂಲವಿದೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಬೆಲೆ ಸಾವಿರಗಳಲ್ಲಿ. ಒಮ್ಮೆಗೆ ಒಂದೋ ಎರಡೋ ಕಪ್ಪಿನ ಹಾಲಿಗಷ್ಟೇ ನೊರೆ. ಎಂಟು ಜನರಿರುವ ಮನೆಯಲ್ಲಿ ಕೊನೆಯವನಿಗೆ ಕಾಫಿ ಸಿಗುವಾಗ ಮೊದಲನೆಯವನು ತೋಟದ ಒಂದು ಸುತ್ತು ಮುಗಿಸಿ ಬಂದಿರುತ್ತಾನೆ. ಮಳೆಗಾಲದಲ್ಲಿ ಮರ ಬಿದ್ದು ಎರಡು ದಿನ ಕರೆಂಟಿಲ್ಲದಿರುವುದು, ಬಂದರೂ ವೋಲ್ಟೇಜು ಏರಿಳಿಯುವುದು ನಮಗೆ ಹೊಸತಲ್ಲ. ಒಳಗಿನ ಲೇಪ ಎದ್ದರೆ, ಬೆರಳಿನ ಗಾತ್ರದ ಸುರುಳಿ ಬಚ್ಚಲಿನಲ್ಲಿ ಕೊಚ್ಚಿಹೋದರೆ, ರಿಪೇರಿಗೆ ಪೇಟೆಗೆ ಹೊರಡಬೇಕು. ಕೊಳ್ಳುವವರು ಬಿಡಿಭಾಗ ಸಿಗುತ್ತದೆಯೇ ಎಂಬುದನ್ನು ಬೆಲೆಗಿಂತ ಮೊದಲು ಕೇಳಬೇಕು.

ಆರನೆಯದು ಹಬೆಯ ಕೊಳವೆಯಿರುವ ಎಸ್‌ಪ್ರೆಸ್ಸೊ ಯಂತ್ರ. ಮದುವೆ ಮನೆಗಳಲ್ಲಿ ಬುಸ್ಸೆಂದು ಹಬೆ ಬಿಟ್ಟು, ಮೇಲೆ ಚಾಕೊಲೇಟು ಪುಡಿ ಉದುರಿಸಿ ಕೊಡುತ್ತಿದ್ದ ಕಾಫಿ ಹಿರಿಯರಿಗೆ ನೆನಪಿರಬಹುದು. ನೊರೆ ಬರಿಸಿದ್ದು ಅದೇ ಹಬೆ. ನೊರೆಯಲ್ಲಿ ಇದನ್ನು ಮೀರಿಸಿದ್ದು ಬೇರೆ ಇಲ್ಲ. ಆದರೆ ಇದು ಹೋಂಸ್ಟೇ ಅಥವಾ ಹೋಟೆಲು ನಡೆಸುವವರ ಬಂಡವಾಳ, ಅಡುಗೆ ಮನೆಯ ಖರ್ಚಲ್ಲ. ಇಲ್ಲಿಯೇ ಒಂದು ಮಾತು ಖಂಡಿತವಾಗಿ ಹೇಳಬೇಕು. ಪ್ರೆಶರ್ ಕುಕ್ಕರಿನ ತೂಕ ತೆಗೆದು, ಆ ಬಾಯಿಗೆ ಕೊಳವೆ ಸಿಕ್ಕಿಸಿ ಹಬೆ ಹಿಡಿಯುವ ಉಪಾಯವನ್ನು ಯಾರೂ ಮಾಡಬಾರದು. ಕೊಳವೆ ಕಟ್ಟಿಕೊಂಡರೆ ಹೋಗುವುದು ನೊರೆಯಲ್ಲ, ಕಣ್ಣು.

ಇಷ್ಟೆಲ್ಲ ನೋಡಿದ ಮೇಲೆ ನನ್ನ ಅಭಿಪ್ರಾಯ ಹೀಗಿದೆ. ಇಬ್ಬರು ಮೂವರಿರುವ ಮನೆಗೆ, ಅಪರೂಪಕ್ಕೆ ನೊರೆ ಬೇಕೆನ್ನುವವರಿಗೆ ಕಡಗೋಲು ಅಥವಾ ಬ್ಯಾಟರಿಯ ಕೈಕಡಗೋಲು ಸಾಕು. ದಿನವೂ ಕುಡಿಯುವ ನಾಲ್ಕಾರು ಮಂದಿಯ ಮನೆಗೆ ಸ್ಟೀಲಿನ ಒತ್ತುಪಾತ್ರೆ ಎಲ್ಲಕ್ಕಿಂತ ಮೇಲು. ಹೋಂಸ್ಟೇ ನಡೆಸುವ ಸದಸ್ಯರು ಮಾತ್ರ ಜಗ್ಗು ಅಥವಾ ಹಬೆ ಯಂತ್ರದ ಯೋಚನೆ ಮಾಡಲಿ. ಅವರಿಗೆ ಅದು ಸಂಪಾದನೆಯ ಸಾಧನ. ಕೊಯ್ಲಿನ ಆಳುಗಳಿಗೆ, ಅಡಿಕೆ ಸುಲಿಯುವ ರಾತ್ರಿಗಳಿಗೆ ಹಂಡೆಯಲ್ಲಿ ಕಾಯಿಸುವ ಬೆಲ್ಲದ ಕಾಫಿಗೆ ಯಾವ ನೊರೆಯೂ ಬೇಡ. ಅದರ ರುಚಿಯೇ ಬೇರೆ.

ಆದರೆ ಇದಕ್ಕಿಂತ ಮುಖ್ಯವಾದ ಮಾತೊಂದಿದೆ. ನೊರೆ ಕಾಫಿಯ ಮೇಲಿರುವುದು, ಕಾಫಿಯಲ್ಲ. ತೆಳು ಡಿಕಾಕ್ಷನ್ನಿಗೆ ಎಷ್ಟು ನೊರೆ ಹಾಕಿದರೂ ಅದು ಬಿಸಿ ಹಾಲೇ. ಚಿಕೋರಿ ಬೆರೆಸಿದ ಪುಡಿಯಲ್ಲಿ ಕಾಫಿ ಕನಿಷ್ಠ ಶೇಕಡಾ 51 ಇರಬೇಕೆಂಬುದು ಕಾನೂನು. ಅಂದರೆ ನೂರು ಗ್ರಾಂ ಪೊಟ್ಟಣದಲ್ಲಿ 49 ಗ್ರಾಂ ಚಿಕೋರಿ ಇದ್ದರೂ ಅದು ಕಾನೂನು ಪ್ರಕಾರ ಸರಿಯೇ. ಪೊಟ್ಟಣದ ಹಿಂಬದಿಯ ಸಣ್ಣ ಅಕ್ಷರ ಓದದೆ, ಮುಂಬದಿಯ ನೊರೆಯ ಚಿತ್ರ ನೋಡಿ ಕೊಳ್ಳುವ ಬೆಳೆಗಾರ ತನ್ನ ಬೆಳೆಗೆ ತಾನೇ ಎದುರು ನಿಂತ ಹಾಗೆ.

ಆದುದರಿಂದ ಸಂಘ ಏನು ಮಾಡಬೇಕು? ಕಂತಿನ ಮೇಲೆ ವಿದ್ಯುತ್ ಜಗ್ಗು ಕೊಡುವುದು ಬೇಡ. ಗೊಬ್ಬರದ ಸಾಲ, ಕೊಳೆರೋಗದ ಔಷಧದ ಬಾಕಿ ಇರುವ ಸದಸ್ಯರ ಖಾತೆಗೆ ನೊರೆಯ ಕಂತನ್ನೂ ಬರೆಯುವುದು ಸಹಕಾರವಲ್ಲ. ಅದರ ಬದಲು ಮಳಿಗೆಯಲ್ಲಿ ಮೂರು ವಸ್ತುಗಳನ್ನು ನಗದು ಮಾರಾಟಕ್ಕೆ ಇಡೋಣ: ಒಳ್ಳೆಯ ಹಿತ್ತಾಳೆ ಮತ್ತು ಸ್ಟೀಲ್ ಫಿಲ್ಟರು, ಸ್ಟೀಲಿನ ಒತ್ತುಪಾತ್ರೆ, ನಮ್ಮ ಬಡಗಿಗಳು ಕಡೆದುಕೊಡುವ ಕಾಫಿ ಕಡಗೋಲು. ಇವುಗಳ ಜೊತೆಗೆ, ಸದಸ್ಯರು ತಂದ ಕಾಳನ್ನೇ ಹುರಿದು, ಅವರ ಕಣ್ಣೆದುರಿಗೆ ಬೀಸಿಕೊಡುವ ಒಂದು ಸಣ್ಣ ಹುರಿಯುವ ಯಂತ್ರವನ್ನು ಸಂಘ ಹಾಕಬೇಕು. ಜಗ್ಗುಗಳಿಗೆ ತೊಡಗಿಸುವ ಹಣ ಅದಕ್ಕೆ ಆರಂಭವಾಗಲಿ.

ಸಹಕಾರದಿಂದ ಕಾಫಿ ಲೋಟಕ್ಕೆ ಬಂದದ್ದು ಹೊಸ ಸಂಗತಿಯಲ್ಲ. ಕಾಫಿ ಮಂಡಳಿ ತನ್ನ ಕಾಫಿ ಹೌಸುಗಳನ್ನು ಮುಚ್ಚಲು ಹೊರಟಾಗ, ಕೆಲಸ ಕಳೆದುಕೊಂಡ ನೌಕರರು 1957ರಲ್ಲಿ ಬೆಂಗಳೂರಿನಲ್ಲಿ ತಮ್ಮದೇ ಸಹಕಾರ ಸಂಘ ಕಟ್ಟಿ ಅವನ್ನು ನಡೆಸಿದರು. ಬಡಿಸುವವರು ಅಷ್ಟು ಮಾಡಿದ್ದಾರೆ. ಬೆಳೆಯುವ ನಾವು ನಮ್ಮ ಮನೆಯ ಲೋಟದ ಮಟ್ಟಿಗಾದರೂ ಮಾಡಲಾರೆವೇ?

ವಿಷಯವನ್ನು ಬರುವ ಮಹಾಸಭೆಯ ಮುಂದಿಡಲಾಗುವುದು. ಜಗ್ಗು ಬೇಕೆನ್ನುವ ಸದಸ್ಯರು ತಮ್ಮ ವಾದವನ್ನು ಬರೆದು ಕಳುಹಿಸಿದರೆ ಮುಂದಿನ ಸಂಚಿಕೆಯಲ್ಲಿ ಪೂರ್ತಿಯಾಗಿ ಪ್ರಕಟಿಸಲಾಗುವುದು. ಅಡುಗೆ ಮನೆಯ ಸಂಗತಿಯಾದ್ದರಿಂದ ಮನೆಯ ಹೆಂಗಸರ ಅಭಿಪ್ರಾಯ ಕೇಳಿಯೇ ಬರೆಯಬೇಕೆಂದು ವಿನಂತಿ. ಕಡೆಯುವುದೂ ತೊಳೆಯುವುದೂ ಹೆಚ್ಚಿನ ಮನೆಗಳಲ್ಲಿ ಇನ್ನೂ ಅವರ ಪಾಲಿಗೇ ಬಿದ್ದಿದೆ.

— ಕಾರ್ಯದರ್ಶಿ